ವಿಚಾರ ಸಂಕಿರಣ ಮಹಾಕಾವ್ಯ: ಕಾಲ, ಆಶ್ರಯ, ರಸ ಮತ್ತು ಊಟ

ತಂತ್ರಜ್ಞಾನ ನೀತಿ ಮತ್ತು ಅಂತಾರಾಷ್ಟ್ರೀಯ ಭದ್ರತೆ ಎಂಬ ಜೋಡುಹೆಸರಿನಲ್ಲಿ ವಿಶ್ವವಿದ್ಯಾಲಯಗಳು ನಡೆಸುವ ಸಂಕಿರಣಗಳನ್ನು ರಾಜ್ಯಶಾಸ್ತ್ರದವರು ವಿಜ್ಞಾನವೆಂದೂ, ವಿಜ್ಞಾನಿಗಳು ರಾಜ್ಯಶಾಸ್ತ್ರವೆಂದೂ, ಗೇಟಿನ ಕಾವಲುಗಾರರು ಯಾರದೋ ಮದುವೆಯೆಂದೂ ಇದುವರೆಗೆ ತಿಳಿದುಕೊಂಡು ಬಂದಿದ್ದಾರೆ. ಮೂರೂ ಅಪಸಿದ್ಧಾಂತ. ಅದು ಮಹಾಕಾವ್ಯ. ಲಾಕ್ಷಣಿಕರು ಹೇಳಿದ ಅಷ್ಟಾದಶ ವರ್ಣನೆಗಳಲ್ಲಿ ಜಲಕ್ರೀಡೆಯೊಂದನ್ನು ಬಿಟ್ಟರೆ ಬೇಕಾದ್ದೆಲ್ಲ ಅದರಲ್ಲಿದೆ: ಮಂತ್ರಾಲೋಚನೆ ಇದೆ, ಪ್ರಯಾಣ ಇದೆ (ಪ್ರಯಾಣಭತ್ಯೆಯೂ ಇದೆ), ಯುದ್ಧ ಇದೆ, ನಾಯಕಾಭ್ಯುದಯ ಇದೆ, ಸಂಜೆಯ ಸ್ವಾಗತಕೂಟದಲ್ಲಿ ಮಧುಪಾನವೂ ಇದೆ. ಇಲ್ಲದಿರುವುದು ಮುಕ್ತಾಯ. ಆ ಕೊರತೆಯನ್ನು ದೋಷವೆಂದು ಎಣಿಸಬೇಕಿಲ್ಲ. ಅಪೂರ್ಣ ಕಾವ್ಯಗಳ ಮೇಲೆಯೇ ಹೆಚ್ಚು ಪಿಎಚ್.ಡಿ.ಗಳಾಗಿವೆ.

ಮೊದಲು ಕಾಲನಿರ್ಣಯ. ಆದಿಕಾವ್ಯ ಯಾವುದು ಎಂಬ ಬಗ್ಗೆ ಮೂರು ಪಕ್ಷಗಳಿವೆ. ಪಗ್‌ವಾಶ್ ಪಕ್ಷದವರು 1957ನ್ನು ಹಿಡಿಯುತ್ತಾರೆ. ಆ ವರ್ಷದ ಜುಲೈನಲ್ಲಿ ಕೆನಡಾದ ನೋವಾ ಸ್ಕೋಶಿಯಾದ ಪಗ್‌ವಾಶ್ ಎಂಬ ಕರಾವಳಿ ಹಳ್ಳಿಯಲ್ಲಿ 22 ಮಂದಿ ವಿದ್ವಾಂಸರು ಕೂಡಿ, ಬಾಂಬನ್ನು ಏನು ಮಾಡುವುದೆಂದು ಮಾತಾಡಿದರು. ಅಮೆರಿಕದವರೂ ಸೋವಿಯತ್ತಿನವರೂ ಒಂದೇ ಮನೆಯಲ್ಲಿ ಉಂಡರು. ಖರ್ಚು ಕೊಟ್ಟವನು ಸೈರಸ್ ಈಟನ್ ಎಂಬ ಉದ್ಯಮಿ. ಅದು ಅವನ ಹುಟ್ಟೂರು. ಜನ್ಮಸ್ಥಳದ ಬಗ್ಗೆ ಇಷ್ಟು ಖಚಿತ ಆಧಾರ ಸಿಕ್ಕಿರುವ ಕಾವ್ಯ ನಮ್ಮಲ್ಲಿ ಒಂದೂ ಇಲ್ಲವೆಂಬುದನ್ನು ನೆನೆದರೆ ಅಸೂಯೆಯಾಗುತ್ತದೆ. ಇಲ್ಲಿ ಒಂದು ದುಃಖವನ್ನೂ ದಾಖಲಿಸಬೇಕು. 1955ರ ರಸೆಲ್–ಐನ್‌ಸ್ಟೈನ್ ಪ್ರಣಾಳಿಕೆಯಲ್ಲಿ ಕರೆಕೊಟ್ಟಿದ್ದ ಈ ಸಭೆಯನ್ನು ದೆಹಲಿಯಲ್ಲಿ ನಡೆಸಿರೆಂದು ನೆಹರೂ ಆಹ್ವಾನಿಸಿದ್ದರು. ಅಷ್ಟರಲ್ಲಿ ಸೂಯೆಜ್ ಕಾಲುವೆಯ ಜಗಳ ಹೊತ್ತಿ ಅದು ತಪ್ಪಿಹೋಯಿತು. ತಪ್ಪದೇ ಇದ್ದಿದ್ದರೆ ಇವತ್ತು ಜಗತ್ತಿನ ಭದ್ರತಾತಜ್ಞರೆಲ್ಲ ಮೊದಲ ಗೋಷ್ಠಿಗೆ ಮುಂಚೆ ಶಾಲು ಹೊದ್ದು, ಏಲಕ್ಕಿ ಹಾರ ಹಾಕಿಕೊಂಡು, ಹಣ್ಣಿನ ಬುಟ್ಟಿಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿರುತ್ತಿದ್ದರು. ಹಡಗುಗಳ ಒಡೆಯ ಒನಾಸಿಸ್, ಮೊನಾಕೊದಲ್ಲಿ ಮಾಡುವುದಾದರೆ ಖರ್ಚು ತನ್ನದು ಎಂದನಂತೆ. ಬೇಡವೆಂದರು. ಪ್ರಳಯದ ಚರ್ಚೆಗೆ ಜೂಜಿನ ಊರು ಸಲ್ಲದೆಂದು ತಿಳಿಯಲು ಕ್ಷೇಮೇಂದ್ರನ ಔಚಿತ್ಯವಿಚಾರವನ್ನು ಓದಿರಲೇಬೇಕೆಂದಿಲ್ಲ.

ಎರಡನೆಯದು ಕೇಂಬ್ರಿಜ್ ಪಕ್ಷ, ಇಂಗ್ಲೆಂಡಿನದಲ್ಲ, ಮಸಾಚುಸೆಟ್ಸಿನದು. ಹಾರ್ವರ್ಡ್ ಮತ್ತು ಎಂಐಟಿ ಅಧ್ಯಾಪಕರು ಸೇರಿ 1960ರಲ್ಲಿ ತೊಡಗಿಸಿದ ಶಸ್ತ್ರನಿಯಂತ್ರಣ ಸಂಕಿರಣವೇ ಮೂಲವೆಂದು ಇವರ ವಾದ. ಪಗ್‌ವಾಶ್‌ನಲ್ಲಿ ನಡೆದದ್ದು ಕೂಟ, ಸಂಕಿರಣವಲ್ಲ. ಏಕೆಂದರೆ ಅಲ್ಲಿ ಹಾಜರಾತಿ ತೆಗೆದುಕೊಳ್ಳಲಿಲ್ಲ ಎನ್ನುತ್ತಾರೆ. ಈ ಆಕ್ಷೇಪ ಬಲವಾದದ್ದೇ. ಆದರೂ ನಾವು ಮೂರನೆಯ ಪಕ್ಷಕ್ಕೆ ಸೇರಿದವರು. ನಮ್ಮ ಪ್ರಕಾರ ಆದಿಕವಿ ಹರ್ಮನ್ ಕಾನ್. ಕಾಲ, 1959ರ ಮಾರ್ಚ್. ಸ್ಥಳ, ಪ್ರಿನ್ಸ್‌ಟನ್.

ಕಾನ್ ಅಲ್ಲಿ ಪರಮಾಣು ಯುದ್ಧದ ಮೇಲೆ ಉಪನ್ಯಾಸ ಮಾಲೆ ಕೊಟ್ಟ. ಅದನ್ನು ಬೆಳೆಸಿದ ದಪ್ಪ ಪುಸ್ತಕ ಮರುವರ್ಷವೇ ಅಚ್ಚಾಯಿತು. ಅದರೊಳಗೊಂದು ಕೋಷ್ಟಕವಿದೆ. 20 ಲಕ್ಷ ಜನ ಸತ್ತರೆ ದೇಶದ ಆರ್ಥಿಕತೆ ಚೇತರಿಸಿಕೊಳ್ಳಲು 1 ವರ್ಷ. 1 ಕೋಟಿ ಸತ್ತರೆ 5 ವರ್ಷ. 4 ಕೋಟಿಗೆ 20 ವರ್ಷ. 16 ಕೋಟಿಗೆ 100 ವರ್ಷ. ಒಟ್ಟು ಏಳು ಸಾಲು. ಬೀಭತ್ಸವನ್ನು ಇಷ್ಟು ಚೊಕ್ಕಟವಾಗಿ ಹಿಡಿದಿಟ್ಟ ಛಂದಸ್ಸು ಅದಕ್ಕೆ ಮೊದಲು ಇರಲಿಲ್ಲ. ರಗಳೆಯಲ್ಲಿ ಹೇಳಿದ್ದರೆ ಕೇಳುಗರು ಅಳುತ್ತಿದ್ದರು; ಷಟ್ಪದಿಯಲ್ಲಿ ಹೇಳಿದ್ದರೆ ಎದ್ದು ಹೋಗುತ್ತಿದ್ದರು; ಕೋಷ್ಟಕದಲ್ಲಿ ಹೇಳಿದ್ದರಿಂದ ಬರೆದುಕೊಂಡರು. ಸಂಕಿರಣದ ಪ್ರಧಾನ ರಸ ಭಯಾನಕವೆಂದು ಹೊರಗಿನವರು ಊಹಿಸುವುದು ಇಲ್ಲಿಯೇ ಬೀಳುತ್ತದೆ. ವಿಷಯ ಭಯಾನಕ, ರಸ ಶಾಂತ. ಅಷ್ಟು ಶಾಂತವೆಂದರೆ ಮಧ್ಯಾಹ್ನದ ಗೋಷ್ಠಿಯಲ್ಲಿ ಮೂರನೆಯ ಸಾಲಿನಿಂದ ಹಿಂದೆ ಅದು ಉಸಿರಾಟದ ರೂಪದಲ್ಲಿ ಕಿವಿಗೇ ಕೇಳಿಸುತ್ತದೆ.

ಆಶ್ರಯದಾತರ ವಿಷಯಕ್ಕೆ ಬರೋಣ. ಪಂಪ ಅರಿಕೇಸರಿಯನ್ನು ಅರ್ಜುನನಿಗೆ ಸಮೀಕರಿಸಿ ಕಾವ್ಯ ಬರೆದನೆಂದು ನಾವು ಅವನನ್ನು ಅರ್ಧ ಮೆಚ್ಚಿ ಅರ್ಧ ಛೇಡಿಸುತ್ತೇವೆ. ಸಂಕಿರಣ ಕವಿಗಳ ಪಾಡು ಇದಕ್ಕಿಂತ ಸೂಕ್ಷ್ಮ. ಇಲ್ಲಿ ದೊರೆ ಬದಲಾದರೆ ಕಥಾನಾಯಕನನ್ನೇ ಬದಲಾಯಿಸಬೇಕು. ಅಣ್ವಸ್ತ್ರದ ಓದಿಗೆ ದಶಕಗಳ ಕಾಲ ಕೈಬಿಚ್ಚಿ ಕೊಟ್ಟ ದೊರೆ ಮೆಕಾರ್ಥರ್ ಪ್ರತಿಷ್ಠಾನ. ಆ ಕ್ಷೇತ್ರದಿಂದ ಹಿಂದೆ ಸರಿಯುವುದಾಗಿ ಅದು 2021ರಲ್ಲಿ ಹೇಳಿತು. ಅಷ್ಟು ಹೊತ್ತಿಗೆ ಇನ್ನೊಬ್ಬ ದೊರೆ ಪಟ್ಟಕ್ಕೆ ಬಂದು ಏಳು ವರ್ಷವಾಗಿತ್ತು: ಹ್ಯೂಲೆಟ್ ಪ್ರತಿಷ್ಠಾನ 2014ರಲ್ಲಿ ಸೈಬರ್ ನೀತಿಯ ಅಧ್ಯಯನಕ್ಕೆಂದು ಸ್ಟ್ಯಾನ್‌ಫರ್ಡ್, ಎಂಐಟಿ, ಬರ್ಕ್‌ಲಿ ಮೂವರಿಗೂ ತಲಾ 1.5 ಕೋಟಿ ಡಾಲರ್ ದತ್ತಿ ಬಿಟ್ಟಿತ್ತು. ಈಗಿನ ದೊರೆಗಳ ಒಲವು ಕೃತಕ ಬುದ್ಧಿಮತ್ತೆಯ ಕಡೆ. ಮೂರು ಕಾಲದ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಪಾಠಾಂತರಗಳು ಬೆರಳೆಣಿಕೆಯಷ್ಟು. 'ಕ್ಷಿಪಣಿಯ ಅಪಾಯವನ್ನು ನಾವು ಇನ್ನೂ ಪೂರ್ತಿ ಅರಿತಿಲ್ಲ' ಎಂಬ ಸಾಲಿನಲ್ಲಿ ಕ್ಷಿಪಣಿ ಅಳಿದು ವೈರಸ್ ಬಂದಿದೆ, ವೈರಸ್ ಅಳಿದು ಅಲ್ಗಾರಿದಮ್ ಬಂದಿದೆ. ಅರಿಯದಿರುವುದು ಮಾತ್ರ ಎಲ್ಲ ಪ್ರತಿಗಳಲ್ಲೂ ಅವಿಚ್ಛಿನ್ನ. ಸ್ಟ್ಯಾನ್‌ಫರ್ಡ್‌ನ ಅಂತಾರಾಷ್ಟ್ರೀಯ ಭದ್ರತಾ ಕೇಂದ್ರ 1983ರಲ್ಲಿ ಹುಟ್ಟಿದಾಗ ಅದರ ಹೆಸರಿನ ಕೊನೆಗೆ ಶಸ್ತ್ರನಿಯಂತ್ರಣ ಇತ್ತು. 1998ರಲ್ಲಿ ಅದನ್ನು ತೆಗೆದು ಸಹಕಾರ ಎಂದು ಹಾಕಿದರು. ಇಂಗ್ಲಿಷ್ ಮೊದಲಕ್ಷರಗಳಲ್ಲಿ ಒಂದೂ ಬದಲಾಗಲಿಲ್ಲ. ಲೆಟರ್‌ಹೆಡ್ಡಿಗೆ ಇದಕ್ಕಿಂತ ಕಡಿಮೆ ಹಿಂಸೆ ಮಾಡಿದ ನವೀಕರಣವನ್ನು ನಾವು ಕಂಡಿಲ್ಲ.

ಅಂಕಿತದ ಸಮಸ್ಯೆ ಇನ್ನೂ ಜಟಿಲ. ವಚನವೊಂದರ ಅಂಕಿತ ಹಿಡಿದು ವಚನಕಾರ ಯಾರೆಂದು ಹುಡುಕುವುದರಲ್ಲಿ ನಮ್ಮ ಹಿರಿಯರು ಆಯುಷ್ಯ ಸವೆಸಿದರು. ಸಂಕಿರಣದವರು ಈ ಕಷ್ಟವನ್ನು ಬುಡದಲ್ಲೇ ಕತ್ತರಿಸಿದ್ದಾರೆ. ಲಂಡನ್ನಿನ ಚಾಥಮ್ ಹೌಸ್ 1927ರಲ್ಲಿ ಒಂದು ನಿಯಮ ಮಾಡಿತು: ಒಳಗೆ ಕೇಳಿದ ಮಾತನ್ನು ಹೊರಗೆ ಯಾರು ಬೇಕಾದರೂ ಬಳಸಬಹುದು, ಆಡಿದವರು ಯಾರು, ಎಲ್ಲಿಯವರು ಎಂದು ಮಾತ್ರ ಹೇಳಬಾರದು. ಅಧಿಕಾರಿಗಳು ಬಾಯಿಬಿಡಲಿ ಎಂಬುದು ಇದರ ಉದ್ದೇಶ. ಫಲ ಬೇರೆಯಾಯಿತು. ಹೆಸರು ಹೊರಬೀಳುವುದಿಲ್ಲವೆಂದು ಗೊತ್ತಾದ ಮೇಲೂ ಅಧಿಕಾರಿ ಪತ್ರಿಕಾ ಹೇಳಿಕೆಯಲ್ಲಿದ್ದದ್ದನ್ನೇ ಹೇಳುತ್ತಾರೆ. ಆದರೆ ದನಿ ತಗ್ಗಿಸಿ ಹೇಳುತ್ತಾರೆ. ಆದ್ದರಿಂದ ರಹಸ್ಯವೆಂದು ತೋರುತ್ತದೆ.

ಈಗ ಈ ಪ್ರಬಂಧದ ಹೃದಯಭಾಗ. ಸರ್ಕಾರವೊಂದು ಸಂಕಿರಣವನ್ನು ನಿಜಕ್ಕೂ ಶಸ್ತ್ರವೆಂದು ಬಗೆದ ಪ್ರಸಂಗ ಉಂಟೇ ಎಂದು ಕೇಳಿದರೆ, ಉಂಟು. 1976ರಲ್ಲಿ ಸ್ಟ್ಯಾನ್‌ಫರ್ಡ್‌ನ ಮಾರ್ಟಿನ್ ಹೆಲ್‌ಮನ್ ಮತ್ತು ವಿಟ್‌ಫೀಲ್ಡ್ ಡಿಫಿ, ಬೀಗದ ಕೈಯನ್ನು ಬಹಿರಂಗವಾಗಿ ಹಂಚಿಯೂ ಗುಟ್ಟು ಕಾಪಾಡಬಹುದೆಂಬ ಗೂಢಲಿಪಿಯ ಹೊಸ ಗಣಿತವನ್ನು ಪ್ರಕಟಿಸಿದರು. (ನಾವು ನೀವು ಫೋನಿನಲ್ಲಿ ಹಣ ಕಳಿಸುವಾಗಲೆಲ್ಲ ಆ ಗಣಿತದ ಸಂತಾನವೇ ಒಳಗೆ ದುಡಿಯುತ್ತದೆ.) ಮರುವರ್ಷ ಅಕ್ಟೋಬರಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯವಿರುವ ಇಥಾಕಾದಲ್ಲಿ ಎಂಜಿನಿಯರುಗಳ ಗೋಷ್ಠಿಯಿತ್ತು. ಅಮೆರಿಕದ ಕಾನೂನಿನಲ್ಲಿ ಗೂಢಲಿಪಿ ಆಗ ಯುದ್ಧಸಾಮಗ್ರಿ. ತೋಪು, ಟ್ಯಾಂಕುಗಳ ಪಟ್ಟಿಯಲ್ಲೇ ಅದಕ್ಕೂ ಸ್ಥಾನ. ವಿದೇಶೀಯರು ಕೂತಿರುವ ಸಭೆಯಲ್ಲಿ ಪ್ರಬಂಧ ಓದಿದರೆ ಶಸ್ತ್ರ ರಫ್ತು ಮಾಡಿದಂತಾದೀತು ಎಂದು ಎಚ್ಚರಿಸುವ ಪತ್ರ ಎಂಜಿನಿಯರುಗಳ ಸಂಸ್ಥೆಗೆ ಬಂತು. ಖಾಸಗಿ ನಾಗರಿಕನಂತೆ ಬರೆದಿದ್ದವನು ಬೇಹುಗಾರಿಕೆಯ ಎನ್‌ಎಸ್‌ಎ ನೌಕರನೆಂದು ಆಮೇಲೆ ತಿಳಿಯಿತು. ಹೆಲ್‌ಮನ್ ವಿಶ್ವವಿದ್ಯಾಲಯದ ವಕೀಲರನ್ನು ಕೇಳಿದರು. ಪ್ರಾಧ್ಯಾಪಕರ ಮೇಲೆ ಕೇಸು ಬಿದ್ದರೆ ನಿಭಾಯಿಸಬಹುದು. ಪ್ರಬಂಧ ಓದಬೇಕಿದ್ದ ವಿದ್ಯಾರ್ಥಿಗಳನ್ನು ಮುಂದೆ ಬಿಡಬೇಡಿ ಎಂಬ ಸಲಹೆ ಬಂತು. ಆ ದಿನ ಹೆಲ್‌ಮನ್ ವೇದಿಕೆ ಹತ್ತಿದರು. ಪ್ರಬಂಧಗಳ ಸಹಕರ್ತೃಗಳಾದ ರಾಲ್ಫ್ ಮರ್ಕಲ್, ಸ್ಟೀವ್ ಪೋಲಿಗ್ ಇಬ್ಬರೂ ಅವರ ಪಕ್ಕದಲ್ಲಿ ಬಾಯಿ ಮುಚ್ಚಿ ನಿಂತರು. ಗುರು ಓದಿದರು, ಶಿಷ್ಯರು ನಿಂತರು.

ಆನಂದವರ್ಧನನು ವಾಚ್ಯಕ್ಕಿಂತ ಧ್ವನಿ ಮೇಲು ಎಂದ. ಆದರೆ ಕವಿ ತುಟಿಯನ್ನೇ ಬಿಚ್ಚದೆ ಧ್ವನಿ ಸಾಧಿಸಿದ ಉದಾಹರಣೆ ಅವನಿಗೂ ಸಿಕ್ಕಿರಲಿಲ್ಲ. ಸುಮ್ಮನೆ ನಿಂತವರ ಕಡೆಗೇ ಸಭೆಯ ಕಣ್ಣಿತ್ತು; ಯಾರನ್ನೂ ಜೈಲಿಗೆ ಹಾಕಲಿಲ್ಲ; ಗಣಿತ ಜಗತ್ತಿಗೆಲ್ಲ ಹರಡಿತು. ಇದರ ಉತ್ತರಕಾಂಡ 1995ರಲ್ಲಿ ನಡೆಯಿತು. ಪಿಜಿಪಿ ಎಂಬ ಗೂಢಲಿಪಿ ತಂತ್ರಾಂಶ ಬರೆದ ಫಿಲ್ ಜಿಮ್ಮರ್‌ಮನ್ ಮೇಲೆ ರಫ್ತಿನ ವಿಚಾರಣೆ ನಡೆದಿರುವಾಗಲೇ ಅದರ ಇಡೀ ಮೂಲಸಂಕೇತವನ್ನು ಎಂಐಟಿ ಮುದ್ರಣಾಲಯ ಪುಸ್ತಕವಾಗಿ ಅಚ್ಚುಹಾಕಿತು. ಡಿಸ್ಕಿನಲ್ಲಿದ್ದರೆ ಮದ್ದುಗುಂಡು, ಕಾಗದದಲ್ಲಿದ್ದರೆ ಸಾಹಿತ್ಯ. ವಿದ್ವಲ್ಲೋಕ ಗಮನಿಸಬೇಕಾದ ಅಂಶ ಬೇರೊಂದಿದೆ. ಇಥಾಕಾದ ಗೋಷ್ಠಿಯ ತಲೆಬರಹದಲ್ಲಿ ನೀತಿಯೂ ಇರಲಿಲ್ಲ, ಭದ್ರತೆಯೂ ಇರಲಿಲ್ಲ. ಅಲ್ಲಿ ಬರೀ ಲೆಕ್ಕ ಮಾಡುತ್ತಿದ್ದರು. ಬೇಹುಗಾರ ಹೆದರಿದ್ದು ಆ ಲೆಕ್ಕಕ್ಕೆ. ತಲೆಬರಹದಲ್ಲಿ ಎರಡನ್ನೂ ಹೊತ್ತ ಸಂಕಿರಣಕ್ಕೆ ಹಾಗೆ ಹೆದರಿ ಪತ್ರ ಬರೆದವರನ್ನು ನಾವರಿಯೆವು.

ಕರ್ನಾಟಕದ ಕೊಡುಗೆಯನ್ನು ಮರೆಯುವಂತಿಲ್ಲ. ಕನ್ನಡದಲ್ಲಿ ಈಗ ದೊರೆತಿರುವ ಮೊದಲ ಕೃತಿಯೇ ಲಕ್ಷಣಗ್ರಂಥ. ಕವಿರಾಜಮಾರ್ಗ ಮೊದಲು, ಪಂಪನ ಕಾವ್ಯ ಆಮೇಲೆ. ತಂತ್ರಜ್ಞಾನ ನೀತಿಯಲ್ಲಿ ಈ ಕ್ರಮ ತಿರುವುಮುರುವು. ರಾಜಾ ರಾಮಣ್ಣನವರು 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಬಾಂಬು ಸಿಡಿಸಿದ ತಂಡದ ಮುಂದಾಳು. ಸರ್ಕಾರ ಅದನ್ನು ಶಾಂತಿಯುತ ಸ್ಫೋಟವೆಂದು ಕರೆದು ವಿರೋಧಾಭಾಸಾಲಂಕಾರಕ್ಕೆ ಪಠ್ಯಪುಸ್ತಕದ ಉದಾಹರಣೆ ಒದಗಿಸಿತು. ಅದೇ ರಾಮಣ್ಣನವರು 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಹುಟ್ಟಿದ ಉನ್ನತ ಅಧ್ಯಯನ ಸಂಸ್ಥೆ ನಿಯಾಸ್‌ನ ಮೊದಲ ನಿರ್ದೇಶಕರು. ಅಲ್ಲಿ ಅಣ್ವಸ್ತ್ರ, ಕ್ಷಿಪಣಿ, ಬಾಹ್ಯಾಕಾಶಗಳ ಮೇಲೆ ಚರ್ಚೆ ನಡೆಸುವ ಒಂದು ವಿಭಾಗವೇ ಇದೆ. ಕೃತಿ ಮೊದಲು, ಲಕ್ಷಣ ಆಮೇಲೆ. ಕಾವ್ಯ ರಚಿಸಿದ ಕೈಯೇ ಮೀಮಾಂಸೆಗೂ ಕುರ್ಚಿ ಹಾಕಿಸಿದ ಇಂಥ ನಿದರ್ಶನ ಕೇಂಬ್ರಿಜ್ ಪಕ್ಷದವರಲ್ಲೂ ಸುಲಭವಾಗಿ ಸಿಗದು.

ಕಾಲೇಜು ಮಟ್ಟದಲ್ಲಿ ನಮ್ಮ ಶೈಲಿ ಇನ್ನಷ್ಟು ಪರಿಷ್ಕೃತ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು (ಫ್ಯಾನು ಆರಿಸಿ, ಮತ್ತೆ ಬೆಳಗುವುದು), ಆಶಯ ಭಾಷಣ, ಸ್ಮರಣಿಕೆ. ಇಷ್ಟು ಮುಗಿಯುವ ಹೊತ್ತಿಗೆ ಊಟದ ಸಾಲು ಮೆಟ್ಟಿಲಿಳಿದಿರುತ್ತದೆ. 2022ರ ಅಕ್ಟೋಬರಿನಲ್ಲಿ ಅಮೆರಿಕ ಚೀನಾಕ್ಕೆ ಮುಂದುವರಿದ ಚಿಪ್ ಮಾರದಂತೆ ಹಾಕಿದ ಕಟ್ಟುಪಾಡುಗಳ ಬಗ್ಗೆ ಮಾತಾಡಲು ಬಂದವರಿಗೆ 'ಎರಡು ನಿಮಿಷ' ಎಂಬ ಚೀಟಿ ಹೋಗುತ್ತದೆ. ಚೀಟಿ ಹೋಗುವುದು ಅವರು ವೇದಿಕೆಯಲ್ಲಿರುವ ಗಣ್ಯರ ಹೆಸರು ಹೇಳುತ್ತಿರುವಾಗ.

ಪೂರ್ವಪಕ್ಷಿ ಇಲ್ಲಿ ಎದ್ದು ನಿಲ್ಲುತ್ತಾನೆ: ಇಷ್ಟೆಲ್ಲ ಆಡಿ ಒಂದಾದರೂ ಆಯುಧ ನಿಂತಿತೇ? ನೋಡಿ, ಜಿನೀವಾದಲ್ಲಿ ಸ್ವಯಂಚಾಲಿತ ಮಾರಕ ಶಸ್ತ್ರಗಳ ಮೇಲೆ ದೇಶದೇಶಗಳ ತಜ್ಞರು 2014ರಿಂದ ಸಭೆ ಸೇರುತ್ತಿದ್ದಾರೆ. 2019ರಲ್ಲಿ 11 ಮಾರ್ಗದರ್ಶಿ ತತ್ತ್ವಗಳಿಗೆ ಒಪ್ಪಿದರು. ಆ ಶಸ್ತ್ರವೆಂದರೆ ಯಾವುದು ಎಂಬ ವ್ಯಾಖ್ಯೆಯ ಜಗಳ ಆಗಲೂ ಮುಗಿದಿರಲಿಲ್ಲ. ಸರ್ವಸಮ್ಮತಿ ಬೇಕಾದ್ದರಿಂದ ಒಂದು ದೇಶ ತಲೆ ಅಲ್ಲಾಡಿಸಿದರೂ ಸಾಕು, ಒಪ್ಪಂದ ಮುಂದಿನ ಅಧಿವೇಶನಕ್ಕೆ. ಇದು ತಾಳಮದ್ದಳೆಯಲ್ಲವೇ? ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಬೆಳಗಿನವರೆಗೆ ಯುದ್ಧ, ಭೀಷ್ಮ ಶರಶಯ್ಯೆಗೆ ಒರಗಬೇಕಾದ ಪ್ರಸಂಗದಲ್ಲಿ ಅರ್ಥಧಾರಿ ಇನ್ನೂ ಒಂದು ಪ್ರಶ್ನೆ ಎತ್ತುತ್ತಾನೆ.

ಪೂರ್ವಪಕ್ಷಿಯ ಬಾಯಿ ಮುಚ್ಚಿಸಲು ನಮ್ಮ ಕೈಯಲ್ಲಿರುವ ಪ್ರಮಾಣಗಳು ನಮಗೇ ಮುಜುಗರದವು. ಪಗ್‌ವಾಶ್ ಕೂಟಗಳು 1963ರ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದಕ್ಕೂ 1972ರ ಕ್ಷಿಪಣಿರೋಧಕ ಒಪ್ಪಂದಕ್ಕೂ ನೆಲ ಹದ ಮಾಡಿದವೆಂದು ಇತಿಹಾಸಕಾರರು ಒಪ್ಪುತ್ತಾರೆ. 1995ರಲ್ಲಿ ಆ ಕೂಟಗಳ ಸ್ಥಾಪಕರಲ್ಲೊಬ್ಬರಾದ ಜೋಸೆಫ್ ರೋಟ್‌ಬ್ಲಾಟ್‌ರಿಗೂ ಪಗ್‌ವಾಶ್ ಸಂಘಟನೆಗೂ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಕಾವ್ಯಕ್ಕೆ ಹೀಗೆ ಲೌಕಿಕ ಪ್ರಯೋಜನ ಅಂಟಿಕೊಳ್ಳುವುದು ಶೋಭೆಯಲ್ಲ. ಹೇಗಾಯಿತೆಂದು ಶೋಧಿಸಿದರೆ ಕಾರಣ ಪ್ರಬಂಧಗಳಲ್ಲಿ ಸಿಗುವುದಿಲ್ಲ. ಎರಡು ಬಣಗಳ ಅದೇ ಮುಖಗಳು ವರ್ಷ ವರ್ಷ ಎದುರುಬದುರು ಕೂತು ಉಂಡವು. ಊರಿಗೆ ಹೋಗಿ ತಮ್ಮ ತಮ್ಮ ಸರ್ಕಾರಗಳ ಕಿವಿಯಲ್ಲಿ, ಆಚೆಯವರು ನಿಜವಾಗಿ ಹೆದರಿದ್ದಾರೆ, ನಾಟಕವಲ್ಲ ಎಂದು ಹೇಳಿದವು. ಎಂದರೆ ಫಲ ಕೊಟ್ಟದ್ದು ಕಾರ್ಯಕ್ರಮ ಪಟ್ಟಿಯಲ್ಲಿ 'ಭೋಜನ ವಿರಾಮ' ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿದ್ದ ಭಾಗ. ಆ ಭಾಗ ಪ್ರಕ್ಷಿಪ್ತವೆಂದು ಸಂಪಾದಕರು ಇಷ್ಟು ಕಾಲ ಬಿಟ್ಟುಬಿಟ್ಟಿದ್ದರು. ಮೂಲವೇ ಅದು, ಉಳಿದ ಗೋಷ್ಠಿಗಳೇ ಪ್ರಕ್ಷಿಪ್ತ ಎಂಬುದು ನಮ್ಮ ಸಿದ್ಧಾಂತ.

ಇದರಿಂದ ಒಂದು ಪ್ರಾಯೋಗಿಕ ಸಲಹೆಯೂ ಹೊರಡುತ್ತದೆ. ಆಯುಧಗಳನ್ನು ಸಂಕಿರಣದ ವಿಷಯವಾಗಿಸಿದ್ದು ಸಾಕು. ಅವನ್ನು ಪ್ರತಿನಿಧಿಗಳಾಗಿ ಕರೆಸಬೇಕು. ಮೂರು ದಿನ ಆಶಯ ಭಾಷಣ ಕೇಳಿ, ಬಿಸಿಬೇಳೆಬಾತಿನ ಮೇಲೆ ಮೊಸರನ್ನ ತಿಂದು, ನಾಲ್ಕನೆಯ ಗೋಷ್ಠಿಗೆ ಕೂತ ಯಾವ ಕ್ಷಿಪಣಿಗೂ ಮತ್ತೆ ಮೇಲೇಳುವ ಮನಸ್ಸು ಉಳಿಯದು.

ಫಲಶ್ರುತಿ: ಇದನ್ನು ಆದ್ಯಂತ ಕೇಳಿದವರಿಗೆ ಪ್ರಮಾಣಪತ್ರ. ಅರ್ಧಕ್ಕೆ ಎದ್ದವರಿಗೂ ಅದೇ ಪ್ರಮಾಣಪತ್ರ. ನೋಂದಣಿ ಮೇಜಿನಲ್ಲಿ ಹೆಸರು ಬರೆಸಿ ಚೀಲ, ಪೆನ್ನು ಒಯ್ದವರಿಗೆ ಅಂಚೆಯಲ್ಲಿ ಪ್ರಮಾಣಪತ್ರ. ಪ್ರಬಂಧ ಮಂಡಿಸಿದವರಿಗೆ ಬಡ್ತಿಯ ಅಂಕ. ಪ್ರಶ್ನೆಯೆಂದು ಎದ್ದು ಭಾಷಣ ಮಾಡಿದವರಿಗೆ ಮುಂದಿನ ಸಂಕಿರಣದ ಅಧ್ಯಕ್ಷ ಸ್ಥಾನ. ಕ್ಷಿಪಣಿಗಳಿಗೆ ನೋಂದಣಿ ಶುಲ್ಕವಿಲ್ಲ. ವಾಹನ ನಿಲುಗಡೆ ಮಾತ್ರ ಅವುಗಳದೇ ಜವಾಬ್ದಾರಿ.