ನಿಂತ ಹುದುಗಿನ ಅಧಿಕರಣ

ವಿಷಯ: ಮನೆಯಲ್ಲಿ ಹುದುಗಲಿಟ್ಟ ಗಟ್ಟಿ ಬಿಯರು. ಸಾಂದ್ರತೆ 1.100ರಿಂದ ಹೊರಟು 1.020ಕ್ಕೆ ಇಳಿಯಬೇಕಾದದ್ದು 1.040ರಲ್ಲೇ ಪದ್ಮಾಸನ ಹಾಕುತ್ತದೆ. ಏರ್‌ಲಾಕಿನಲ್ಲಿ ಗುಳುಗುಳು ಇಲ್ಲ, ನಾಲಿಗೆಗಿಟ್ಟರೆ ಪಾನಕ.

ಅಧಿಕಾರಿ: ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದನ್ನು 1965ರ ಕರ್ನಾಟಕ ಅಬಕಾರಿ ಕಾಯ್ದೆ ಒಪ್ಪದು. ಆದಕಾರಣ ರಾಯಚೂರು ಸೀಮೆಯ ನಮ್ಮ ಕಲ್ಲೂರಿನಲ್ಲಿ ಈ ಶಾಸ್ತ್ರಕ್ಕೆ ಜ್ಞಾನಕಾಂಡ ಮಾತ್ರ ಉಂಟು, ಕರ್ಮಕಾಂಡವಿಲ್ಲ. ಪ್ರಯೋಗವೆಲ್ಲ ಪಡ್ಡಿನ ಹಿಟ್ಟಿನ ಮೇಲೆ. ಇದಕ್ಕೆ ಪ್ರಮಾಣವೇನೆಂದರೆ, 1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರ. ಅದರ ಸುರಾಧ್ಯಕ್ಷ ಪ್ರಕರಣದಲ್ಲಿ ಮದ್ಯದ ಕಿಣ್ವಕ್ಕೆ ಬೇಕಾದದ್ದು ರುಬ್ಬಿದ ಉದ್ದು, ಅದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಅಕ್ಕಿ. ಒಂದಿಷ್ಟು ಗಿಡಮೂಲಿಕೆ ಬಿಟ್ಟರೆ ಸಾಕ್ಷಾತ್ ಪಡ್ಡು.

ಸಂಶಯ: ಯೀಸ್ಟ್ ಸತ್ತಿತೋ, ಮಲಗಿತೋ, ಮುನಿಸಿಕೊಂಡಿತೋ?

ಪೂರ್ವಪಕ್ಷ: ಕಣ್ಣು ತಾಗಿದೆ, ಮೆಣಸಿನಕಾಯಿ ನಿವಾಳಿಸಿ ಎನ್ನುವವರು ದೃಷ್ಟಿವಾದಿಗಳು. ಇನ್ನಷ್ಟು ಸಕ್ಕರೆ ಸುರಿಯಿರಿ ಎನ್ನುವವರು ಶರ್ಕರಾವಾದಿಗಳು. ಗಡಿಗೆಯನ್ನೇ ಕುಲುಕಿ ಎನ್ನುವವರು ಕಂಪನವಾದಿಗಳು. ಪುರಾತತ್ತ್ವವಾದಿಗಳ ವಾದ ಎಲ್ಲಕ್ಕಿಂತ ಗಂಭೀರ: ಕಲ್ಲೂರಿನಲ್ಲಿ ಪ್ರಾಚೀನ ತಾಮ್ರದ ಕತ್ತಿಗಳು ಸಿಕ್ಕಿವೆ, ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಸಿಕ್ಕಿಲ್ಲ, ಅಳೆಯದವರಿಗೆ ಹುದುಗು ನಿಂತದ್ದು ಗೊತ್ತಾಗದು, ಗೊತ್ತಾಗದ್ದು ನಡೆಯಲೇ ಇಲ್ಲ.

ಉತ್ತರಪಕ್ಷ: ಕೊನೆಯವರದು ಅಖಂಡನೀಯ. ಉಳಿದವರಿಗೆ ಉತ್ತರ ಹೀಗೆ. ಸಕ್ಕರೆಯೇ ರೋಗ, ಅತಿ ಸಿಹಿ ರಸ ಯೀಸ್ಟಿನ ಮೈಯ ನೀರನ್ನೇ ಹೀರುತ್ತದೆ. ಕುಲುಕುವುದಕ್ಕೂ ಮುಹೂರ್ತವುಂಟು: ಯೀಸ್ಟಿಗೆ ಗಟ್ಟಿ ಪೊರೆ ಕಟ್ಟಿಕೊಳ್ಳಲು ಆಮ್ಲಜನಕ ಬೇಕಾದದ್ದು ಆರಂಭದಲ್ಲಿ, ಮದ್ಯವಾದ ಮೇಲೆ ಗಾಳಿ ಬೆರೆಸಿದರೆ ಒದ್ದೆ ರಟ್ಟಿನ ರುಚಿ. ಇನ್ನು ತಾಗಿದ್ದು ಕಣ್ಣಲ್ಲ, ರಾಯಚೂರು ಸೀಮೆಯ ಬಿಸಿಲು. ಏಲ್ ಯೀಸ್ಟ್ ಬಯಸುವುದು ಸುಮಾರು 20 ಡಿಗ್ರಿ. ಇಲ್ಲಿ ಮೇ ತಿಂಗಳು ಕೊಡುವುದು 40. ಮೊದಲೆರಡು ದಿನ ಹುಚ್ಚುಕುದುರೆ, ಆಮೇಲೆ ಮುಗ್ಗರಿಸಿದ ಕುದುರೆ.

ಪರೀಕ್ಷೆ: ಒಂದು ಲೋಟ ರಸಕ್ಕೆ ಧಾರಾಳವಾಗಿ ಹೊಸ ಯೀಸ್ಟ್ ಹಾಕಿ ಬೆಚ್ಚಗಿಡಬೇಕು. ಆಗಲೂ ಸಾಂದ್ರತೆಯ ಅಂಕಿ ಇಳಿಯದಿದ್ದರೆ ಯೀಸ್ಟ್ ನಿರಪರಾಧಿ. ಅದು ತಿನ್ನಲಾರದ ಸಕ್ಕರೆಯಷ್ಟೇ ಉಳಿದಿದೆ. ಇಳಿದರೆ ಬೇರೊಂದು ಪಾತ್ರೆಯಲ್ಲಿ ಯೀಸ್ಟನ್ನು ನೊರೆಯುಕ್ಕುವಂತೆ ಎಬ್ಬಿಸಿ, ಆ ಭರದಲ್ಲೇ ಸುರಿಯಬೇಕು. ಒಣಪುಡಿ ಉದುರಿಸುವುದು ಮದ್ಯಕ್ಕೆ ಮಾಡಿದ ತರ್ಪಣ.

ಪ್ರಯೋಗಫಲ: ಪಡ್ಡಿನ ಹಿಟ್ಟು ಎಷ್ಟು ಬೇಡಿಕೊಂಡರೂ ನಿಲ್ಲಲಿಲ್ಲ. ರಾತ್ರಿ ಮುಚ್ಚಿಟ್ಟದ್ದು ಬೆಳಗಾಗುವುದರೊಳಗೆ ತಟ್ಟೆಯನ್ನೆತ್ತಿ, ಕಟ್ಟೆಯ ಮೇಲೆ ಹರಿದು, ಉಪ್ಪಿನ ಡಬ್ಬಿಯ ಬುಡ ಹಿಡಿದಿತ್ತು. ಸಾಕ್ಷ್ಯವನ್ನು ಕೆಂಪುಚಟ್ನಿಯೊಂದಿಗೆ ವಿಲೇವಾರಿ ಮಾಡಲಾಯಿತು.

ನಿರ್ಣಯ: ಹುದುಗು ನಿಲ್ಲುವುದು ಹತ್ತನೆಯ ದಿನ, ನಿಲ್ಲಿಸುವುದು ಮೊದಲನೆಯ ದಿನದ ದುರಾಸೆ. ಹಿಡಿ ಯೀಸ್ಟಿಗೆ ಹೇರು ಸಕ್ಕರೆ ಹೊರಿಸಿದವನು ಆಮೇಲೆ ಶಾಸ್ತ್ರ ಬರೆಯುತ್ತಾನೆ. ಅಡುಗೆಮನೆಯ ಮತ ಇನ್ನೂ ಸಂಕ್ಷಿಪ್ತ: “ಅಳತಿ ನೋಡಿ ಹಾಕು, ಮುಚ್ಚಿಡು, ಗಳಿಗಿಗೊಮ್ಮೆ ತೆಗೆದು ನೋಡಬ್ಯಾಡ.” ಇದಕ್ಕೆ ಭಾಷ್ಯ ಬರೆಯುವ ಧೈರ್ಯ ಪಂಡಿತರಲ್ಲಿ ಯಾರಿಗೂ ಆಗಿಲ್ಲ.