ಬೋಲ್ಟಿನ ತಲಿ ನೋಡ್ರಿ, ಬಾನೆಟ್ಟಿನ ಬಣ್ಣ ನೋಡಬ್ಯಾಡ್ರಿ

(ಮಕ್ತಲ್‌ನಿಂದ ರಾಯಚೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ಪಂಕ್ಚರ್ ಅಂಗಡಿಗೂ ವೆಲ್ಡಿಂಗ್ ಶೆಡ್ಡಿಗೂ ನಡುವೆ, ಒಂದು ಓಪನ್ ಜೀಪು ಮಾರಾಟಕ್ಕೆ ನಿಂತಿದೆ. 'ಅಪ್ಪಟ 1943ರ ವಿಲ್ಲಿಸ್, ಎಲ್ಲಾ ಒರಿಜಿನಲ್' ಎಂಬ ಬೋರ್ಡು ಅದರ ಕೊರಳಲ್ಲಿ ತೂಗುತ್ತಿದೆ. ಮಾಲೀಕರು ನಾರಾಯಣಪೇಟೆಯವರು, ದಲಾಲರು ಗದ್ವಾಲದವರು, ಗಿರಾಕಿಗಳು ಹೈದರಾಬಾದಿನ ಶೋಕಿಲಾಲರು. ಎಲ್ಲರೂ ಊಟಕ್ಕೆ ಹೋದ ಹೊತ್ತು ನೋಡಿ ನಮ್ಮ ಪ್ರತಿನಿಧಿ ಜೀಪನ್ನೇ ಮಾತಿಗೆಳೆದರು.)

ಪ್ರತಿನಿಧಿ: ನಮಸ್ಕಾರ ಜೀಪಣ್ಣ. ಕೊರಳಲ್ಲಿರುವ ಬೋರ್ಡು ನಿಜವೇ?

ಜೀಪು: ಶರಣ್ರೀ ಸಾಹೇಬ್ರ. ಬೋರ್ಡು ಮಾತ್ರ ಖರೇ ಹೊಸಾದು, ನಿನ್ನೆ ಬರೆಸ್ಯಾರ. ಉಳಿದಿದ್ದು ಒಂದೊಂದೇ ಕೇಳ್ರಿ, ಮಾಲಕರು ಬರೂದ್ರಾಗ ಹೇಳಿ ಮುಗಿಸ್ತೀನಿ.

ಪ್ರತಿನಿಧಿ: ನಿಮ್ಮನ್ನು 'ವಿಂಟೇಜ್ ಕನ್ವರ್ಟಿಬಲ್' ಅಂತ ಮಾರುತ್ತಿದ್ದಾರಲ್ಲ?

ಜೀಪು: ತಾಡಪತ್ರಿ ಬಿಚ್ಚಿದ್ರ ಮ್ಯಾಲೆ ಬರೇ ಆಕಾಶ. ಮುಂದಿನ ಗ್ಲಾಸು ಮಡಚಿದ್ರ ಬಾನೆಟ್ ಮ್ಯಾಲೆ ಮಲಗ್ತದ. ಇನ್ನೇನು ಬೇಕ್ರೀ? ಗದ್ವಾಲದ ಎಷ್ಟೋ ಮದುಮಕ್ಕಳು ನನ್ನ ಮ್ಯಾಲೆ ನಿಂತು ಮೆರವಣಿಗಿ ಹೋಗ್ಯಾರ. ಹಂಗಂತ ದೊಡ್ಡೋರ ಕಾರಿನ ಜೋಡಿ ನನಗ ನೆಂಟಸ್ತನ ಹಚ್ಚಬ್ಯಾಡ್ರಿ. ಹೈದರಾಬಾದಿನ ಚೌಮಹಲ್ಲಾ ಅರಮನ್ಯಾಗ 1912ರ ಹಳದಿ ರೋಲ್ಸ್ ರಾಯ್ಸ್ ಅದ. ಮಾಡಿಸಲಿಕ್ಕೆ ಹೇಳಿದವರು ಆರನೇ ನಿಜಾಮ ಮೆಹಬೂಬ್ ಅಲಿ ಖಾನ್. ಗಾಡಿ ಬರೂದ್ರಾಗ ಅವರೇ ಇರಲಿಲ್ಲ. ಮಕ್ತಲ್, ನಾರಾಯಣಪೇಟೆ, ಗದ್ವಾಲ, ನಮ್ಮ ಈ ಮೂರೂ ಊರು ಮೊನ್ನೆಮೊನ್ನೆ ತನಕ ಅವರ ಹೆಸರಿನ ಮೆಹಬೂಬ್‌ನಗರ ಜಿಲ್ಲಾದಾಗೇ ಇದ್ದವು. ಆ ಕಾರು ಓಡಿದ್ದು ಬಾಳ ಕಡಿಮಿ. ಓಡದ ಗಾಡಿಗೆ ಒರಿಜಿನಲ್ ಆಗಿರೋದು ಸಲೀಸ್ರೀ. ನಾವು ದುಡಿದು ತಿಂದವರು.

ಪ್ರತಿನಿಧಿ: ಕನ್ವರ್ಟಿಬಲ್‌ಗಳಲ್ಲೂ ಖೋಟಾ ಇರುತ್ತದೆಯೇ?

ಜೀಪು: ಇರ್ದೇನ್ರೀ! ಅಮೆರಿಕದಾಗ 1965ರ ಮಸ್ಟಾಂಗ್ ಕಾರಿಗೆ ಛತ್ತು ಇಲ್ಲದ್ದಕ್ಕೇ ರೇಟು ಜಾಸ್ತಿ. ಛತ್ತಿದ್ದ ಗಾಡಿ ತಂದು, ಕತ್ತರಿಸಿ, ಬಟ್ಟಿ ಹೊದಿಸಿ ಮಾರಿದ್ರ ಲಾಭ. ಆದ್ರ ಗಾಡಿ ನಂಬರಿನಾಗ ಛತ್ತಿದ್ದದ್ದಕ್ಕ 07, ಕನ್ವರ್ಟಿಬಲ್‌ಗೆ 08 ಅಂತ ಕಂಪನಿನೇ ಒತ್ತಿರ್ತದ. ಛತ್ತಿಲ್ಲದ ಗಾಡಿ ಬಳುಕಬಾರದಂತ ತಳದಾಗ ಹೆಚ್ಚಿನ ಉಕ್ಕು ಹಾಕಿರ್ತಾರ. ಛತ್ತು ಕೊಯ್ದವ ಆ ಉಕ್ಕು ಹಾಕೋ ಗೋಜಿಗೆ ಹೋಗಂಗಿಲ್ಲ. ನನಗಂತೂ ಹುಟ್ಟಿದಾಗಿಂದ ಛತ್ತೇ ಇಲ್ಲ, ಅದೊಂದು ಆಪಾದನಿಯಿಂದ ಪಾರು.

ಪ್ರತಿನಿಧಿ: ಹಾಗಾದರೆ ನಿಮ್ಮನ್ನು ಪರೀಕ್ಷಿಸುವವರು ಎಲ್ಲಿಂದ ಶುರು ಮಾಡಬೇಕು?

ಜೀಪು: ಎಲ್ಲರೂ ಮಾರಿ ನೋಡ್ತಾರ. ಮುಂದಿನ ಜಾಲರಿಗೆ ಒಂಬತ್ತು ಸೀಳಿದ್ರ ಯುದ್ಧದ ಜೀಪು. ಏಳಿದ್ರ ಯುದ್ಧ ಮುಗಿದ ಮ್ಯಾಲೆ ಸಾರ್ವಜನಿಕರಿಗೆ ಮಾಡಿದ್ದು. ಈ ಲೆಕ್ಕ ದಲಾಲರಿಗೂ ಗೊತ್ತು, ಅದಕ್ಕ ಒಂಬತ್ತರದೇ ತಂದು ಕೂಡಿಸ್ತಾರ. ಬಿಳಿ ಅಂಗಿಗೆ ಮಣ್ಣು ಹತ್ತಿದ್ರೂ ಚಿಂತಿಲ್ಲ, ಕೆಳಗ ಮಲಗಿ ನೋಡ್ರಿ. ರೇಡಿಯೇಟರ್ ಬುಡದ ಅಡ್ಡಕಂಬಿ ದುಂಡನ ಪೈಪಿದ್ರ ವಿಲ್ಲಿಸ್, ಬೋರಲು ಮಡಚಿದ ಪಟ್ಟಿ ಇದ್ರ ಫೋರ್ಡ್.

ಪ್ರತಿನಿಧಿ: ವಿಲ್ಲಿಸ್ ಮನೆಯಲ್ಲಿ ಫೋರ್ಡ್ ಎಲ್ಲಿಂದ ಬಂತು?

ಜೀಪು: ಎರಡನೇ ಮಹಾಯುದ್ಧಕ್ಕ ಬೇಕಾದಷ್ಟು ಜೀಪು ವಿಲ್ಲಿಸ್ ಕಂಪನಿ ಒಬ್ಬರ ಕೈಲೆ ನೀಗಲಿಲ್ಲ. ಅದೇ ನಕ್ಷೆ ಹಿಡಕೊಂಡು ಫೋರ್ಡ್‌ನವರೂ ಮಾಡಿದ್ರು. ಇಬ್ಬರದೂ ಕೂಡಿ ಆರು ಲಕ್ಷದ ಮ್ಯಾಲಾತು. ಒಂದರ ಪುರ್ಜಾ ಇನ್ನೊಂದಕ್ಕ ಕೂಡಲೇಬೇಕು ಅನ್ನೋದು ಮಿಲಿಟರಿ ಹಟ. ಫೋರ್ಡ್‌ನವರು ಬೋಲ್ಟಿನ ತಲಿ ಮ್ಯಾಲೂ 'ಎಫ್' ಒತ್ತಿ ತಮ್ಮದು ತಮಗ ಗೊತ್ತಾಗಂಗ ಮಾಡಿದ್ರು. ಮಿಲಿಟರಿ ಮಿಸ್ತ್ರಿಗೆ ಅದೆಲ್ಲಿ ಲೆಕ್ಕ? ಕೈಗೆ ಸಿಕ್ಕಿದ್ದು ಬಿಗಿದ, ಗಾಡಿ ಕಳಿಸಿದ. ಕುಲ ಕೆಟ್ಟದ್ದು ರಣರಂಗದಾಗೇ ಸಾಹೇಬ್ರ, ನಾರಾಯಣಪೇಟ್ಯಾಗ ಅಲ್ಲ.

ಪ್ರತಿನಿಧಿ: ನಿಮ್ಮ ಬೋಲ್ಟುಗಳು?

ಜೀಪು: (ಕೆಮ್ಮಿ) ಎರಡು ಎಫ್ ಅದಾವ. ಉಳಿದದ್ದು ಇಲ್ಲೇ ಮಕ್ತಲ್ ಅಂಗಡಿದು.

ಪ್ರತಿನಿಧಿ: ಸ್ಟೀರಿಂಗ್ ಬಲಗಡೆ ಇದೆಯಲ್ಲ?

ಜೀಪು: ಬರೋಬ್ಬರಿ ಹಿಡಿದ್ರಿ! ಯುದ್ಧದ ಜೀಪೆಲ್ಲ ಎಡಗಡೆ ಸ್ಟೀರಿಂಗಿನವು. ನನ್ನ ಎಡಗಡೆ ಸೀಟು ಎತ್ತಿ ನೋಡ್ರಿ, ಪೆಟ್ರೋಲ್ ಟ್ಯಾಂಕ್ ಅಲ್ಲೇ ಕುಂತದ. ಟ್ಯಾಂಕ್ ಇರೋದು ಡ್ರೈವರನ ಬುಡಕ. ಡ್ರೈವರ್ ಬಲಕ್ಕ ಸರಿದ, ಟ್ಯಾಂಕ್ ಸರೀಲಿಲ್ಲ. ಇನ್ನ ಹೆಡ್‌ಲೈಟು: ಹಿಂದಿನ ತಿರುಪು ಸಡಿಲಿಸಿ ಹೊರಳಿಸಿದ್ರ ರಾತ್ರಿ ಎಂಜಿನ್ ರಿಪೇರಿಗೆ ಬೆಳಕು ಬೀಳ್ತಿತ್ತು. ಒಬ್ಬ ಪುಣ್ಯಾತ್ಮ ವೆಲ್ಡಿಂಗ್ ಹೊಡೆದಾನ, ಈಗ ಹೊರಳಂಗಿಲ್ಲ. 60 ಅಶ್ವಶಕ್ತಿದ 2.2 ಲೀಟರ್ ಪೆಟ್ರೋಲ್ ಎಂಜಿನ್ ಹೋಗಿ ಡೀಸೆಲ್ ಬಂತು, 6 ವೋಲ್ಟ್ ಹೋಗಿ 12 ಬಂತು. ಕಂಪನಿ ನಂಬರಿನ ತಗಡು ಮಾತ್ರ 1943 ಅಂತದ. ಅದರ ರಿವೆಟ್ ಇನ್ನೂ ಮಿಣಮಿಣ ಹೊಳೀತಾವ ನೋಡ್ರಿ.

ಪ್ರತಿನಿಧಿ: ಸರ್ಕಾರದ ವಿಂಟೇಜ್ ನೋಂದಣಿ ಸಿಗಬಹುದೇ?

ಜೀಪು: 2021ರ ಜುಲೈದಾಗ ಕೇಂದ್ರದವರು ನಿಯಮ ತಂದಾರ. ಗಾಡಿಗೆ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. 20,000 ರೂಪಾಯಿ ಕಟ್ಟಿದ್ರ 'ವಿಎ' ಅಕ್ಷರದ ನಂಬರು, 10 ವರ್ಷದ ಮಾನ್ಯತೆ. ಆಮ್ಯಾಲೆ ಪ್ರದರ್ಶನಕ್ಕ, ರ‍್ಯಾಲಿಗೆ, ಎಣ್ಣಿ ಹಾಕಿಸಲಿಕ್ಕ, ರಿಪೇರಿಗೆ, ಇಂಥಾದ್ದಕ್ಕಷ್ಟೇ ರಸ್ತಾಕ್ಕಿಳಿಬೇಕು, ಬಾಡಿಗಿಗೆ ಹೋಗಂಗಿಲ್ಲ. ಅಂದ್ರ ಅಸಲಿ ಅಂತ ಕಾಗದ ಸಿಕ್ಕ ದಿನಾನೇ ನನ್ನ ಮದುವಿ ಮೆರವಣಿಗಿ ಬಂದ್. ನನಗ ಆ ಪದವಿ ದಕ್ಕಂಗಿಲ್ಲ ಬಿಡ್ರಿ, ನನ್ನ ಮಾಲಕರ ಹೊಟ್ಟಿ ಅಷ್ಟರಮಟ್ಟಿಗೆ ತಣ್ಣಗದ.

ಪ್ರತಿನಿಧಿ: ನಂಬರ್ ಪ್ಲೇಟಿನಲ್ಲಿ ಇನ್ನೂ 'ಎಪಿ 22' ಅಂತಿದೆ?

ಜೀಪು: ಮೆಹಬೂಬ್‌ನಗರದ ಹಳೇ ನಂಬರು. ಪಕ್ಕದ ಟ್ರ್ಯಾಕ್ಟರಿಗೆ ಟಿಎಸ್ 38, ಆಚಿ ಹೊಸ ಬೈಕಿಗೆ ಟಿಜಿ 38, ಪಂಚರ್ ಆಗಿ ನಿಂತ ಲಾರಿಗೆ ಕೆಎ 36. ನಮ್ಮ ಊರು ಒಂದು ಗೇಣೂ ಸರಿದಿಲ್ಲ. 1948ರ ತನಕ ನಿಜಾಮರ ಸೀಮಿ, 1956ರ ನವೆಂಬರ್ 1ಕ್ಕ ಆಂಧ್ರಪ್ರದೇಶ, ಅದೇ ದಿನ ರಾಯಚೂರು ಮೈಸೂರು ರಾಜ್ಯಕ್ಕ. 2014ರ ಜೂನ್ 2ಕ್ಕ ತೆಲಂಗಾಣ. 2016ಕ್ಕ ಗದ್ವಾಲ ಬ್ಯಾರೆ ಜಿಲ್ಲಾ ಆತು, 2019ಕ್ಕ ನಾರಾಯಣಪೇಟೆ. 2024ಕ್ಕ ಟಿಎಸ್ ಹೋಗಿ ಟಿಜಿ. ಇಲ್ಲೇ ಗಡಿಯಾಗಿನ ಕೃಷ್ಣಾ ಮಂಡಲದ ಹುಡುಗರು ಕನ್ನಡ ಸಾಲಿಗೆ ಹೋಗ್ತಾರ, ಕಚೇರಿಗೆ ತೆಲುಗಿನಾಗ ಅರ್ಜಿ ಬರೀತಾರ, ಸಂತ್ಯಾಗ ಎರಡಕ್ಕೂ ಉರ್ದು ಬೆರೆಸಿ ಚೌಕಾಸಿ ಮಾಡ್ತಾರ. ಅವರನ್ನೂ ಹಿಡಿದು ನಿಲ್ಲಿಸಿ 'ಖರೇ ಎಲ್ಲಿಯವ್ರು ನೀವು?' ಅಂತ ಕೇಳೋರು ಆಚಿಕಡೀನೂ ಅದಾರ, ಈಚಿಕಡೀನೂ ಅದಾರ. ನನ್ನ ಬುಡಕ ಟಾರ್ಚ್ ಹಿಡಿಯೋರೂ ಅವರ ಪೈಕಿನೇ.

ಪ್ರತಿನಿಧಿ: ಹಾಗಾದರೆ ಅಸಲಿ ಯಾವುದು, ನಕಲಿ ಯಾವುದು? ಎಲ್ಲವೂ ಒಂದೇ ಅನ್ನುತ್ತೀರಾ?

ಜೀಪು: ಹಂಗೆಲ್ಲಿ ಅಂದೆ? ಗದ್ವಾಲ ಸೀರಿ ನೋಡ್ರಿ. ಒಡಲು ಹತ್ತಿ, ಅಂಚು ಸೆರಗು ರೇಷ್ಮಿ. ಬ್ಯಾರೆ ಬ್ಯಾರೆ ನೂಲು ತಂದು ಕೂಡಿಸಿದ್ದಕ್ಕೇ ಅದು ಗದ್ವಾಲ, ಅದಕ್ಕ ಸರ್ಕಾರದ ಭೌಗೋಳಿಕ ಗುರುತು ಬ್ಯಾರೆ. ಕೂಡಿಸಿದ ಜಾಗ ನೇಕಾರ ಮುಚ್ಚಿಡಂಗಿಲ್ಲ. ಗಿರಾಕಿ ಅದನ್ನೇ ಬೆರಳಾಗ ಹಿಡಿದು ನೋಡಿ ರೊಕ್ಕ ಎಣಿಸ್ತಾನ. ಮಗ್ಗದ ಮುಖ ಕಾಣದ ಬಟ್ಟಿಗೆ ಆ ಹೆಸರು ಹಚ್ಚಿ ಮಾರಿದ್ರ ಅದು ನಕಲಿ. ನನ್ನ ಎಂಜಿನ್ ಬದಲಾಗಿದ್ದು ರಿಪೇರಿ. ತಗಡು ಬದಲಾಗಿದ್ದು ಮೋಸ.

ಪ್ರತಿನಿಧಿ: ಬೋರ್ಡು ನೀವೇ ಬರೆಸುವುದಾದರೆ?

ಜೀಪು: ಬರಕೊಳ್ರಿ. 'ಜೀಪು. ಚಾಸಿ ಫೋರ್ಡ್, ಜಾಲರಿ ವಿಲ್ಲಿಸ್, ಎಂಜಿನ್ ಡೀಸೆಲ್, ತಾಡಪತ್ರಿ ಹೊಲಿದವ ಮಕ್ತಲ್ ದರ್ಜಿ. ಎಲ್ಲಾ ಬಿಲ್ಲು ಅದಾವ. ತಗಡು ನಂಬಬ್ಯಾಡ್ರಿ.'

ಪ್ರತಿನಿಧಿ: ಇಂಥ ಬೋರ್ಡು ನೋಡಿ ಯಾರು ಕೊಳ್ಳುತ್ತಾರೆ?

ಜೀಪು: ಓಡಿಸಬೇಕು ಅನ್ನೋವ ಕೊಳ್ತಾನ, ರೊಕ್ಕ ಅರ್ಧಕ್ಕಿಳೀತದ ಅಷ್ಟ. ಮಾಲಕರು ಬಂದ್ರು ನೋಡ್ರಿ, ಪೆನ್ನು ಒಳಗಿಡ್ರಿ. ಈಗ ನನಗ 1943 ಆಗೋ ಹೊತ್ತು.