ಒಂದೂವರೆ ಯೆಜ್ಡಿ

ಓಡುವ ಗಾಡಿಯನ್ನು ಯೆಜ್ಡಿ ಮಾವ ಕಣ್ಣೆತ್ತಿಯೂ ನೋಡುವುದಿಲ್ಲ. ಅವರಿಗೆ ಬೇಕಾದದ್ದು ದನದ ಕೊಟ್ಟಿಗೆಯಲ್ಲಿ ಹುಲ್ಲಿನ ಕಂತೆಗೆ ಆಸರೆಯಾಗಿ ನಿಂತದ್ದು, ಟ್ಯಾಂಕಿನೊಳಗೆ ಜೇಡ ಸಂಸಾರ ಹೂಡಿರುವಂಥದ್ದು, ಕಿಕ್ ಮೇಲೆ ಹತ್ತಿ ನಿಂತರೂ ಕದಲದಂಥದ್ದು. "ಸ್ಟಾರ್ಟ್ ಆಗುತ್ತೆ ಸಾರ್, ಕಂಡೀಷನ್ನಾಗಿದೆ" ಎಂದು ಯಾರಾದರೂ ಫೋನ್ ಮಾಡಿದರೆ, "ಓ, ಆಗುತ್ತಾ..." ಎಂದು ರಾಗ ಎಳೆದು ಇಟ್ಟುಬಿಡುತ್ತಾರೆ.

ಮೈಸೂರಿನ ಯಾವ ಬಡಾವಣೆಗೆ ಹೋದರೂ ಇಂಥ ಮಾವ ಒಬ್ಬರು ಸಿಗುತ್ತಾರೆ. ಸಿಗದೆ ಏನು ಮಾಡಿಯಾರು? ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1961ರಿಂದ 1996ರಲ್ಲಿ ಬಾಗಿಲು ಹಾಕುವ ತನಕ, ಮೊದಲು ಜಾವಾ ಎಂದೂ 1973ರಿಂದ ಯೆಜ್ಡಿ ಎಂದೂ, ಇಡೀ ದೇಶಕ್ಕೆ ನೀಲಿ ಹೊಗೆ ಸರಬರಾಜು ಮಾಡಿದ್ದು ಈ ಊರಿನಿಂದಲೇ. ನಮ್ಮ ಬೀದಿಯ ಮಾವ ಅಲ್ಲಿ ಕೆಲಸಕ್ಕಿದ್ದವರಲ್ಲ. ಬ್ಯಾಂಕಿನವರು, ರಿಟೈರಾಗಿದ್ದಾರೆ. ಮಾತು ಕೇಳಿದರೆ ಮಾತ್ರ, ಜಯಚಾಮರಾಜ ಒಡೆಯರು ಕಾರ್ಖಾನೆ ಉದ್ಘಾಟಿಸಿದ ದಿನ ರಿಬ್ಬನ್ನಿನ ಇನ್ನೊಂದು ತುದಿ ಹಿಡಿದಿದ್ದವರು ಇವರೇ ಅನ್ನಬೇಕು.

ಮಾವ ಗಾಡಿ ಕೊಳ್ಳುವುದನ್ನು ನೋಡಬೇಕು. ನಂಜನಗೂಡಿನ ಆಚೆ ಯಾವುದೋ ಹಳ್ಳಿ. ಅಪ್ಪ ಹಾಲಿನ ಕ್ಯಾನು ಕಟ್ಟಿಕೊಂಡು ಓಡಿಸಿದ ಗಾಡಿಯನ್ನು ಮಗ ಕೊಟ್ಟಿಗೆಯಿಂದ ಎಳೆದು ತಂದು ನಿಲ್ಲಿಸಿದ್ದಾನೆ. 1974ರದ್ದು. ಮಾವನ ಎದೆ ಹೊಡೆದುಕೊಳ್ಳುತ್ತಿದೆ, ಮುಖದಲ್ಲಿ ಮಾತ್ರ ಸೂತಕದ ಕಳೆ. ಕೈ ಬೆನ್ನಿಗೆ ಕಟ್ಟಿ ಒಂದು ಸುತ್ತು ಬಂದರು.

"ಟ್ಯಾಂಕು ತುಕ್ಕು ಹಿಡಿದು ಹೋಗಿದೆ."

"ಊಂ ಸಾ."

"ಕ್ರೋಮ್ ಚಕ್ಕೆ ಎದ್ದಿದೆ. ಇಂಜಿನ್ ಜಾಮ್. ಇದು ಗುಜರಿ ಕಣಪ್ಪ. ಗುಜರಿಯವನೂ ಯೋಚನೆ ಮಾಡ್ತಾನೆ."

"ಮತ್ತೆ ನೀವ್ಯಾಕ್ ಸಾ ಇಷ್ಟು ದೂರ ಪೆಟ್ರೋಲ್ ಸುಟ್ಕೊಂಡ್ ಬಂದ್ರಿ?"

ಈ ಪ್ರಶ್ನೆಗೆ ಮಾವನ ಬಳಿ ಉತ್ತರವಿರಲಿಲ್ಲ. ಎರಡು ಸಾವಿರ ಜಾಸ್ತಿ ಕೊಟ್ಟು ಗಾಡಿಯನ್ನು ಆಟೋ ಟೆಂಪೋಗೆ ಹತ್ತಿಸಿದರು.

ಕಾರ್ ಶೆಡ್ಡು ಅಂತ ಮನೆಗೆ ಒಂದಿದೆ, ಅದರೊಳಗೆ ಕಾರು ನಿಂತದ್ದನ್ನು ಯಾರೂ ಕಂಡಿಲ್ಲ. ಅಲ್ಲಿ ಹಳೇ ಪೇಪರು ಹಾಸಿ ಗಾಡಿ ಬಿಚ್ಚಿದರು. ಬೋಲ್ಟು, ವಾಷರು, ಸರ್ಕ್ಲಿಪ್ಪುಗಳೆಲ್ಲ ಸೀಮೆಎಣ್ಣೆಯಲ್ಲಿ ಮಿಂದು ಮೈಸೂರು ಪಾಕಿನ ಡಬ್ಬಗಳಿಗೆ ಹೋದವು. ಆ ಮನೆಯಲ್ಲಿ ಸ್ವೀಟ್ ಡಬ್ಬ ಕಂಡು ಕೈ ಹಾಕುವ ನೆಂಟರಿಗೆ ಸಿಗುವುದು ಗ್ರೀಸು ಹತ್ತಿದ ಸ್ಪ್ರಿಂಗು. ಇಂಜಿನ್ನು ಮಂಡಿ ಮೊಹಲ್ಲಾದ ಭಾಯ್ ಹತ್ತಿರ ಹೋಯಿತು: ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿ, ಕನೆಕ್ಟಿಂಗ್ ರಾಡು, ಆಯಿಲ್ ಸೀಲು ಹೊಸದು. ಅರ್ಧ ಶತಮಾನದ ಕರಿ ತುಂಬಿದ್ದ ಜೋಡಿ ಸೈಲೆನ್ಸರುಗಳನ್ನು ಬೆಂಕಿಯಲ್ಲಿ ಸುಟ್ಟು ಬಡಿದು ಖಾಲಿ ಮಾಡಿಸಿದರು. ಕ್ರೋಮಿಂಗಿಗೆ ಬೆಂಗಳೂರು, ಬಿಡಿಭಾಗಕ್ಕೆ ಅಲ್ಲಿನದೇ ಜೆ.ಸಿ. ರಸ್ತೆ.

ಎಡವಟ್ಟಾಗಿದ್ದು ಕಾರ್ಬುರೇಟರಿನಲ್ಲಿ. ಒರಿಜಿನಲ್ ಜಿಕೋವ್ ಬೇಕು, ಬೇರೆಯದು ಆಗುವುದಿಲ್ಲ. ಬಿಡಿಯಾಗಿ ಸಿಗಲಿಲ್ಲ. ಸಿಕ್ಕಿದ್ದು ಇನ್ನೊಂದು ಯೆಜ್ಡಿಯ ಸಮೇತ. ಕಾರ್ಬುರೇಟರಿಗಾಗಿ ಆ ಇಡೀ ಗಾಡಿಯನ್ನೇ ಕೊಂಡರು. "ಜಿಕೋವ್ ಬಿಚ್ಚಿಕೊಂಡು ಉಳಿದದ್ದನ್ನ ಮಾರಿಬಿಡ್ತೀನಿ ಕಣೇ" ಎಂದು ಅತ್ತೆಗೆ ಮಾತು ಕೊಟ್ಟರು. ಬಿಚ್ಚಿದ ಮೇಲೆ ಆ ಗಾಡಿಯ ಹೆಡ್‌ಲೈಟ್ ಚೆನ್ನಾಗಿದೆ ಅನ್ನಿಸಿತು, ಆಮೇಲೆ ಸೀಟಿನ ಫ್ರೇಮು. ಹೀಗೆ ಮಾವನ ಶೆಡ್ಡಿನಲ್ಲಿ ಯಾವ ಕಾಲಕ್ಕೂ ಇರುವುದು ಒಂದೂವರೆ ಗಾಡಿ. ಒಂದನ್ನು ಮಾರಿದರೂ ಅರ್ಧ ಉಳಿಯುತ್ತದೆ, ಆ ಅರ್ಧಕ್ಕೆ ಮತ್ತೊಂದು ಬೇಕಾಗುತ್ತದೆ.

ಪಕ್ಕದ ಮನೆ ಹುಡುಗ ಒಂದು ದಿನ ಬಂದು, "ಅಂಕಲ್, ಮಡ್‌ಗಾರ್ಡ್ ಕಟ್ ಮಾಡಿ ಹ್ಯಾಂಡಲ್ ಇಳಿಸಿದ್ರೆ ಸೂಪರ್ ಕೆಫೆ ರೇಸರ್ ಆಗುತ್ತೆ" ಎಂದ. ಮಾವ ಸ್ಪ್ಯಾನರ್ ಕೆಳಗಿಟ್ಟರು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರಿಂದ ಹಿಡಿದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದರವರೆಗೆ, ಕಂಪನಿ ಕೊಟ್ಟ ರೂಪವನ್ನು ಹಾಗೆಲ್ಲ ಬದಲಾಯಿಸುವಂತಿಲ್ಲ ಎಂಬುದನ್ನು ಬಿಸಿಲು ಏರುವ ತನಕ ವಿವರಿಸಿದರು. ಹುಡುಗ ಅದರ ನಂತರ ಕಾಂಪೌಂಡಿನ ಈಚೆಯಿಂದಲೇ ನಮಸ್ಕಾರ ಮಾಡಿ ಹೋಗುತ್ತಾನೆ. ಇಷ್ಟೆಲ್ಲ ಹೇಳಿದ ಮಾವನ ಗಾಡಿಯ ಬಲಗಡೆ ಕವರು ಬಿಚ್ಚಿದರೆ ಒಳಗೆ ಪ್ಲಾಟಿನಂ ಪಾಯಿಂಟೇ ಇಲ್ಲ, ಹೊಸ ಎಲೆಕ್ಟ್ರಾನಿಕ್ ಇಗ್ನಿಷನ್ ಕೂತಿದೆ. ಆರು ವೋಲ್ಟಿನ ಕರೆಂಟು ಹನ್ನೆರಡಾಗಿದೆ. "ನೂರಕ್ಕೆ ನೂರು ಒರಿಜಿನಲ್" ಎನ್ನುವಾಗ ಮಾವನ ಕೈ ಆ ಕವರಿನ ಮೇಲೇ ಇರುತ್ತದೆ.

ಮಾವ ಮಾತು ನಿಲ್ಲಿಸುವುದು ಟ್ಯಾಂಕಿಗೆ ಚಿನ್ನದ ಗೆರೆ ಎಳೆಯುವ ಹೊತ್ತಿನಲ್ಲಿ ಮಾತ್ರ. ಅದಕ್ಕೊಬ್ಬ ಹಳೇ ಬೋರ್ಡು ಬರೆಯುವ ಪೇಂಟರು ಬರುತ್ತಾನೆ. ಉದ್ದ ಕೂದಲಿನ ಸಪೂರ ಕುಂಚವನ್ನು ಬಣ್ಣದಲ್ಲಿ ಹೊರಳಿಸಿ, ಕಿರುಬೆರಳನ್ನು ಟ್ಯಾಂಕಿನ ಅಂಚಿಗೆ ಆನಿಸಿ, ಉಸಿರು ಹಿಡಿದು ಒಂದೇ ಎಳೆತಕ್ಕೆ ಮೂತಿಯಿಂದ ಸೀಟಿನವರೆಗೆ ಗೆರೆ ತರುತ್ತಾನೆ. ಕೈ ನಡುಗಿದರೆ ಒರೆಸಿ ಮೊದಲಿಂದ. ಅವನು ಉಸಿರು ಬಿಡುವ ತನಕ ಮಾವನೂ ಬಿಡುವುದಿಲ್ಲ. ಬಲಗಡೆಯ ಗೆರೆ ತಾನೇ ಎಳೆಯುತ್ತೇನೆಂದು ಈ ಸಲ ಹಟ ಹಿಡಿದು ಎಳೆದರು. ಕೊನೆಯಲ್ಲಿ ಅದು ಸ್ವಲ್ಪ ಕೆಳಗೆ ಬಾಗಿದೆ. ಪೇಂಟರು ನೋಡಿದ, ಏನೂ ಅನ್ನಲಿಲ್ಲ, ಪೂರ್ತಿ ಕೂಲಿ ತೆಗೆದುಕೊಂಡ.

ಗಾಡಿ ಸ್ಟಾರ್ಟಾದ ದಿನ ಬೀದಿಗೆಲ್ಲ ಗೊತ್ತಾಯಿತು. ಯೆಜ್ಡಿಯಲ್ಲಿ ಕಿಕ್ಕೂ ಗೇರೂ ಒಂದೇ ಲಿವರು. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್, ಹೊಡೆದು ಮುಂದಕ್ಕೆ ಬಾಗಿಸಿದರೆ ಗೇರ್. ಮಾವ ಪೆಟ್ರೋಲಿಗೆ ಲೀಟರಿಗೆ ಇಷ್ಟು ಅಂತ ಟೂಟಿ ಆಯಿಲ್ ಅಳೆದು ಹಾಕಿ, ಕಾರ್ಬುರೇಟರಿನ ಗುಂಡಿ ಒತ್ತಿ ಬೆರಳಿಗೆ ಪೆಟ್ರೋಲು ಹತ್ತಿತೇ ನೋಡಿ, ಚಾಮುಂಡಿ ಬೆಟ್ಟದ ಕಡೆಗೊಮ್ಮೆ ತಿರುಗಿ ಒದ್ದರು. ಜೋಡಿ ಸೈಲೆನ್ಸರು ಸದ್ದು ಮಾಡಿತು. ಒಣಗಲು ಹಾಕಿದ್ದ ಬಟ್ಟೆಗಳು ಹೊಗೆಯಲ್ಲಿ ಕಾಣದಾದವು. "ಕೇಳಿ, ಈ ಸೌಂಡ್ ಕೇಳಿ!" ಎಂದು ಮಾವ ಕೂಗುತ್ತಿದ್ದುದು ಆ ಸೌಂಡಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಸಂಭ್ರಮ ಒಂದು ವಾರ. ಅದರ ಮೇಲೆ ಕೂತು ಕೊತ್ತಂಬರಿ ಸೊಪ್ಪು ತಂದರು, ಜುಲೈ ಎರಡನೇ ಭಾನುವಾರದ ಜಾವಾ ದಿನಕ್ಕೂ ಹೋಗಿಬಂದರು. ಆಮೇಲೆ ಮುಖ ಸಪ್ಪೆಯಾಯಿತು. "ಮೊದಲನೇ ಕಿಕ್ಕಿಗೇ ಸ್ಟಾರ್ಟ್ ಆಗುತ್ತೆ ಕಣೋ" ಎಂದರು, ಯಾರದೋ ಕಾಯಿಲೆ ವಿಷಯ ಹೇಳುವ ದನಿಯಲ್ಲಿ. ಮಾರುವುದೆಂದು ತೀರ್ಮಾನವಾಯಿತು.

ಮಾರಾಟಕ್ಕಿಟ್ಟ ಕ್ಷಣದಿಂದ ಗಾಡಿ ಬೇರೆಯದೇ ಆಗಿಬಿಡುತ್ತದೆ. ಟೂಲ್ ಬಾಕ್ಸಿನ ಕೆಳಗಿನ ತುಕ್ಕು ಈಗ ಫ್ಯಾಕ್ಟರಿ ಕಾಲದ ಗುರುತು. ಹಾಲಿನವರ ಗಾಡಿ ಈಗ ಒಂದೇ ಮನೆತನದಲ್ಲಿ ಬೆಳೆದದ್ದು. ಬಂದವರಲ್ಲಿ ಮೈಲೇಜ್ ಕೇಳಿದವರಿಗೆ ಕಾಫಿ ಕೂಡ ಇಲ್ಲ. ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಹುಡುಗ ಟ್ಯಾಂಕಿನ ಮೇಲೆ ಕೈಯಾಡಿಸಿ, "ನಮ್ಮ ತಾತನ ಹತ್ರ ಇದೇ ಇತ್ತು ಸಾರ್" ಎಂದ. ಮಾವ ಅಲ್ಲೇ ಐದು ಸಾವಿರ ಇಳಿಸಿದರು. ಅವನು ಯೋಚಿಸಿ ಹೇಳುತ್ತೇನೆಂದು ಹೋದ. ಸುದ್ದಿ ಬ್ರೋಕರುಗಳಿಗೆ ಮುಟ್ಟಿತು. ಮರುವಾರದಿಂದ ಬಂದವರೆಲ್ಲರ ತಾತಂದಿರೂ ಯೆಜ್ಡಿ ಓಡಿಸಿದವರೇ.

ಕೊನೆಗೆ ಅದೇ ಹುಡುಗ ಮುಂಗಡ ಹಿಡಿದು ಬಂದ. ಐವತ್ತು ವರ್ಷ ದಾಟಿದೆಯಲ್ಲ, ವಿಂಟೇಜ್ ಎಂದು ರಿಜಿಸ್ಟರ್ ಮಾಡಿಸಲೇ ಎಂದು ಕೇಳಿದ. 2021ರ ನಿಯಮ ಮಾವನಿಗೆ ಬಾಯಿಪಾಠ. 20,000 ರೂಪಾಯಿ ಕಟ್ಟಿದರೆ ಹತ್ತು ವರ್ಷಕ್ಕೆ 'ವಿಎ' ನಂಬರು, ಆದರೆ ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಬಂಕು, ರಿಪೇರಿ, ಇಷ್ಟಕ್ಕೇ ರಸ್ತೆಗಿಳಿಯಬಹುದು. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಮಾಡಿಸಪ್ಪಾ, ಏನೂ ತೊಂದರೆ ಇಲ್ಲ. ಇವರ ಗಾಡಿಗಳು ಬಂಕು, ರಿಪೇರಿ ಬಿಟ್ಟು ಬೇರೆ ಕಡೆ ಹೋಗಿದ್ದೇ ಕಡಿಮೆ" ಎಂದರು. ಅದಕ್ಕೆ ಮಾವ ಫಾರಂ 29, 30 ಎರಡಕ್ಕೂ ಸಹಿ ಹಾಕಿ ಮಾತು ಮುಗಿಸಿದರು.

ಲಾಭ ಎಷ್ಟು ಬಂತು ಎಂದು ಮಾತ್ರ ಕೇಳಬಾರದು. ಬ್ಯಾಂಕಿನಲ್ಲಿ ಊರವರ ಲೆಕ್ಕವೆಲ್ಲ ಪೈಸೆ ಬಿಡದೆ ನೋಡಿದವರು. ಅವರ ಪ್ರಕಾರ ಕ್ರೋಮಿಂಗ್ ಖರ್ಚಲ್ಲ, ಹೇಗೂ ಮಾಡಿಸಲೇಬೇಕಿತ್ತು. ಜೆ.ಸಿ. ರಸ್ತೆಗೆ ಹೋದ ಬಸ್ ಚಾರ್ಜೂ ಖರ್ಚಲ್ಲ, ಹೇಗೂ ಮಗಳ ಮನೆಗೆ ಹೋಗಬೇಕಿತ್ತು. ಜಿಕೋವ್ ಕಳೆದುಕೊಂಡ ಆ ಅರ್ಧ ಗಾಡಿ ಆಸ್ತಿ. ಹೀಗೆ ಕಳೆಯುತ್ತ ಹೋದರೆ ಲಾಭ ಬಂದೇ ಬರುತ್ತದೆ.

ಆರು ತಿಂಗಳಾಗಿತ್ತು. ಹುಡುಗನಿಗೆ ಮದುವೆ ಗೊತ್ತಾಯಿತು, ಹೊಸ ಫ್ಲಾಟಿನ ಪಾರ್ಕಿಂಗಿನಲ್ಲಿ ಜಾಗ ಸಾಲದು, ಯೆಜ್ಡಿಯನ್ನು ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಟೆಂಪೋದಲ್ಲಿ ಹಾಕಿಕೊಂಡೇ ಬಂದ. ಮಳೆಯಲ್ಲಿ ನಿಂತು ಗಾಡಿ ಸ್ಟಾರ್ಟೂ ಆಗುತ್ತಿರಲಿಲ್ಲ. ಮಾವನ ಕಣ್ಣು ಹೊಳೆಯಿತು. ತಕ್ಷಣ ಮುಖ ಗಂಟು ಹಾಕಿಕೊಂಡು, ಕೈ ಬೆನ್ನಿಗೆ ಕಟ್ಟಿ ಒಂದು ಸುತ್ತು ಬಂದರು. ಟ್ಯಾಂಕಿನ ಬಲಗಡೆ ಬಂದು ನಿಂತು, ಕೆಳಗೆ ಬಾಗಿದ್ದ ಚಿನ್ನದ ಗೆರೆಯ ಮೇಲೆ ಬೆರಳಿಟ್ಟರು.

"ಯಾರಪ್ಪಾ ಇದನ್ನ ಎಳೆದಿದ್ದು? ಕೆಲಸವೇ ಗೊತ್ತಿಲ್ಲ ಅವನಿಗೆ. ಇದೊಂದಕ್ಕೇ ಹತ್ತು ಸಾವಿರ ಇಳಿಸಬೇಕಾಗುತ್ತೆ, ನೋಡು."